ಕಾರ್ಬನ್ ಕಾಗದದಲ್ಲಿ ಉಳಿದ ಗೋಡೆ

ಎರಡು ಸಾವಿರದ ಹದಿಮೂರನೆಯ ಇಸವಿಯ ಅಕ್ಟೋಬರ್ ಹದಿನೈದು, ಮಂಗಳವಾರ. ಬೆಳಗಿನ ಎಂಟು ಗಂಟೆ ದಾಟಿತ್ತು. ಸರಕಾರಿ ರಜೆಯಾದ್ದರಿಂದ ಮಕ್ಕಳು ಶಾಲೆಯಲ್ಲಿರಲಿಲ್ಲ; ಅದನ್ನು ನಾವು ಇಂದಿಗೂ ದೇವರ ಕರುಣೆಯೆಂದೇ ಎಣಿಸುತ್ತೇವೆ. ನಾನು ಮೀನಿನ ಕಟ್ಟೆಯ ಹತ್ತಿರ ನಿಂತಿದ್ದಾಗ ನೆಲ ನಡುಗಿತು. ನಡುಕ ನಿಂತ ಮೇಲೆ ಅಲ್ಲಿದ್ದ ನಾವೆಲ್ಲರೂ, ಯಾರೂ ಹೇಳದೆಯೇ, ಒಂದೇ ದಿಕ್ಕಿಗೆ ತಿರುಗಿದೆವು. ನಮ್ಮ ಊರು ಕನ್ಹಾಯಗ್‌ನ ಯಾವ ಮೂಲೆಯಲ್ಲಿ ನಿಂತರೂ ಕಾಣುತ್ತಿದ್ದ ಸಂತ ರೋಕೆಯವರ ಇಗರ್ಜಿಯ ಮುಂಗೋಡೆ ಇರಬೇಕಾದ ಕಡೆ ಬಿಳಿಯ ಧೂಳು ಎದ್ದು ನಿಂತಿತ್ತು. ನನ್ನ ಹೆಂಡತಿ ಕ್ರಿಸ್ತೇತಾ ಪೀಠದ ಬಟ್ಟೆ ಬದಲಿಸುವುದಕ್ಕೆಂದು ಏಳೂವರೆಗೆ ಅಲ್ಲಿಗೆ ಹೋಗಿದ್ದಳು. ಕೆಲಸ ಮುಗಿಸಿ ಮನೆಗೆ ಹೊರಟಿದ್ದಳೆಂದು ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಮುಂಬಾಗಿಲ ಕಮಾನಿನ ಕೆಳಗೆ ಅವಳು ಸಿಕ್ಕಳು.

ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ; ನಾನು ಬರೆಯಬೇಕಾಗಿರುವುದು ಇನ್ನೊಬ್ಬರ ಬಗ್ಗೆ. ಆ ಧೂಳಿನೊಳಗೆ ನನಗಿಂತ ಮೊದಲು ಬಂದು, ಬರಿಗೈಯಲ್ಲಿ ಕಲ್ಲೆತ್ತುತ್ತಿದ್ದವರು ನಮ್ಮ ಧರ್ಮಕೇಂದ್ರದ ಕಚೇರಿಯ ಟೈಪಿಸ್ಟ್ ಆಗಿದ್ದ, ಊರಿನವರೆಲ್ಲ ಹೆನಿಂಗ್ ಎಂದು ಕರೆಯುವ ಕುಮಾರಿ ಎರ್ಮೊಹೆನಾ ಲಗುನ್ಸಾದ್ ಅವರು. ಒಂದೊಂದು ಕಲ್ಲನ್ನೂ ಪಕ್ಕಕ್ಕಿಡುವ ಮೊದಲು ಅವರು ತುಟಿಗೆ ಮುಟ್ಟಿಸುತ್ತಿದ್ದರು. ನಮ್ಮ ಬೊಹೋಲ್ ದ್ವೀಪದಲ್ಲಿ ಕೈಜಾರಿ ಬಿದ್ದ ಊಬೆ ಗೆಡ್ಡೆಗೆ ಮುತ್ತಿಟ್ಟು ಕ್ಷಮೆ ಕೇಳದೆ ಎತ್ತುವವರಿಲ್ಲ. ಹಸಿವಿನ ವರ್ಷಗಳಲ್ಲಿ ನಮ್ಮ ಹಿರಿಯರ ಜೀವ ಉಳಿಸಿದ ಗೆಡ್ಡೆ ಅದು. ಅವರನ್ನು ನೋಡಿ ಉಳಿದವರೂ ಹಾಗೆಯೇ ಮಾಡತೊಡಗಿದರು. ಬಿದ್ದದ್ದಕ್ಕೆ ಮುತ್ತಿಟ್ಟು ಎತ್ತಿಕೊಳ್ಳಬೇಕೆಂದು ಆ ಗಳಿಗೆಯಲ್ಲಿ ಊರಿಗೆ ನೆನಪಿಸಿದವರು ಅವರು.

ನಲವತ್ತು ವರ್ಷಗಳ ಸೇವೆಯ ನಂತರ ಅವರು ಈಗ ನಿವೃತ್ತರಾಗಿದ್ದಾರೆ. ಈ ಅಭಿನಂದನ ಸಂಪುಟದಲ್ಲಿ ಅವರ ಕಲೆಯ ಬಗ್ಗೆ ಬರೆಯಲು ಮನಿಲಾದ ವಿದ್ವಾಂಸರು ಇದ್ದಾರೆ. ಹಳೆಯ ಕಟ್ಟಡಗಳ ಚಿತ್ರ ಬರೆದವರು ನಮ್ಮ ದೇಶದಲ್ಲಿ ಅನೇಕರಿದ್ದಾರೆ. ಕಲಾಶಾಲೆಗಳಲ್ಲಿ ಕಲಿತು, ಬಣ್ಣಗಳನ್ನು ಕೊಂಡು, ಕಟ್ಟಡವನ್ನು ದೂರದಿಂದ ನೋಡಿ ಬರೆದವರು ಅವರು. ಹೆನಿಂಗ್ ಅವರು ಅಂಥ ಯಾವ ಶಾಲೆಗೂ ಹೋಗಲಿಲ್ಲ, ಯಾವ ಬಣ್ಣವನ್ನೂ ಕೊಳ್ಳಲಿಲ್ಲ, ಯಾವ ಕಟ್ಟಡವನ್ನೂ ದೂರದಿಂದ ನೋಡಲಿಲ್ಲ. ಸವೆದ ಕಾರ್ಬನ್ ಕಾಗದ, ಉಳಿದ ಮೇಣದ ತುಂಡು, ಉದುರಿದ ಸುಣ್ಣ, ಒಡೆದ ಕಿಟಕಿಯಲ್ಲಿ ಗಾಜಿನ ಬದಲು ಇದ್ದ ಕಾಪೀಸ್ ಚಿಪ್ಪು, ಅನ್ನದ ಅಂಟು, ಇವಿಷ್ಟೇ ಅವರ ಸಾಮಗ್ರಿ. ಯಾವ ಮನೆಯ ಚಿತ್ರವೋ ಅದೇ ಮನೆಯ ಧೂಳಿನಿಂದಲೇ ಅದನ್ನು ಮಾಡಬೇಕು ಎಂಬುದು ಅವರ ನಿಯಮ. ವಿದ್ವಾಂಸರು ಇದಕ್ಕೆ ದೊಡ್ಡ ಹೆಸರುಗಳನ್ನು ಕೊಟ್ಟಿದ್ದಾರೆ. ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಅವರು ಕಚೇರಿಗೆ ಬಂದರು. ನಾನು ಆಗ ಇಗರ್ಜಿಯ ಪೂಜಾಸಾಮಗ್ರಿಗಳ ಉಸ್ತುವಾರಿಯಲ್ಲಿದ್ದೆ. ಅವರು ಬಂದ ಮೂರನೆಯ ತಿಂಗಳಿಗೆ ನಾನು ಅವರ ಮೇಲೆ ದೂರು ಕೊಟ್ಟೆನೆಂಬುದನ್ನು ಮರೆಮಾಚುವುದು ತರವಲ್ಲ. ಆಗಿನ ವೃದ್ಧ ಪಾದ್ರಿಗಳ ಮುಂದೆ ನಿಂತು ನಾನು ಹೇಳಿದೆ:

"ಪಾದ್ರೆ, ಈ ಹುಡುಗಿ ಮೇಣದ ತುಂಡು ಕದೀತಾಳೆ."

"ಕದ್ದು ಏನ್ಮಾಡ್ತಾಳೆ?"

"ಅದೇನೋ ಚಿತ್ರವಂತೆ."

"ನೀನೇನು ಮಾಡ್ತಿದ್ದೆ ಆ ತುಂಡುಗಳನ್ನ?"

"ಬಿಸಾಕ್ತಿದ್ದೆ."

"ಸರಿ ಹಾಗಾದ್ರೆ. ಇನ್ಮೇಲೆ ಅವಳ ಬುಟ್ಟಿಗೆ ಬಿಸಾಕು."

ಆ ಬುಟ್ಟಿಗೆ ನಾನು ಮೂವತ್ತು ವರ್ಷ ಮೇಣ ಹಾಕಿದೆ. ಮೊದಲಿಗೆ ಸಿಟ್ಟಿನಿಂದ, ಆಮೇಲೆ ಅಭ್ಯಾಸದಿಂದ, ಕೊನೆಗೆ ಭಕ್ತಿಯಿಂದ.

ಕಚೇರಿಯ ಕೆಲಸದಲ್ಲಿ ಅವರು ತೋರಿದ ದಯೆಯನ್ನು ಈ ಊರಿನ ಪ್ರತಿ ಮನೆಯೂ ಬಲ್ಲದು. ಜ್ಞಾನಸ್ನಾನದ ಪ್ರಮಾಣಪತ್ರಕ್ಕೆ ಎರಡು ಪ್ರತಿ ಸಾಕು. ಅವರು ಯಾವಾಗಲೂ ಮೂರು ಮಾಡುತ್ತಿದ್ದರು. ಮೂರನೆಯದನ್ನು ತಾಯಂದಿರ ಕೈಗೆ ಕೊಟ್ಟು, "ಇದು ಸರಕಾರಕ್ಕಲ್ಲ, ಶಾಲೆಗಲ್ಲ. ನೀವು ಇಟ್ಕೊಳ್ಳೋಕೆ," ಎನ್ನುತ್ತಿದ್ದರು. ಓದಲು ಬಾರದ ಎಷ್ಟೋ ತಾಯಂದಿರು ಆ ಮಸುಕು ಪ್ರತಿಯನ್ನು ಸಂತರ ಚಿತ್ರದ ಹಿಂದೆ ಸಿಕ್ಕಿಸಿ ಇಟ್ಟಿರುವುದನ್ನು ನಾನು ನೋಡಿದ್ದೇನೆ. ದಾಖಲೆ ಹುಳು ತಿಂದು ಹೋದ ಮುದುಕರ ಮನೆಗೆ ಅವರೇ ನಡೆದು ಹೋಗಿ, ಹುಟ್ಟಿದ ವರ್ಷ ಗೊತ್ತಿಲ್ಲದವರಿಂದ ಆ ವರ್ಷ ಬೀಸಿದ ಬಿರುಗಾಳಿ, ಸತ್ತ ಎಮ್ಮೆ, ಬಂದ ಬಿಷಪ್ಪರು ಇವೆಲ್ಲವನ್ನೂ ಕೇಳಿ ಕೇಳಿ ಇಸವಿಯನ್ನು ಹೊರಡಿಸುತ್ತಿದ್ದರು.

ಹಾಗೆ ಹೋದ ಮನೆಗಳಲ್ಲಿಯೇ ಅವರ ಕಲೆ ಬೆಳೆಯಿತು. ಕೆಳಗೆ ಕಲ್ಲು, ಮೇಲೆ ಮರ, ಚಿಪ್ಪಿನ ಕಿಟಕಿ ಇದ್ದ ನದಿದಂಡೆಯ ಹಳೆಯ ಮನೆಗಳನ್ನು ಒಬ್ಬೊಬ್ಬರೇ ಕೆಡವಿಸುತ್ತಿದ್ದ ಕಾಲ ಅದು. ಹೆನಿಂಗ್ ಅವರು ಕೆಡವುವ ಮುಂಚಿನ ದಿನ ಅಲ್ಲಿಗೆ ಹೋಗಿ, ಹೊಸ್ತಿಲಲ್ಲಿ ನಿಂತು, "ಸ್ವಲ್ಪ ದಾರಿ ಬಿಡಿ, ಒಂದು ಹಿಡಿ ಧೂಳು ತಗೊಂಡು ಹೋಗ್ತೀನಿ," ಎಂದು ಕಾಣದವರ ಅಪ್ಪಣೆ ಕೇಳಿ ಒಳಗೆ ಕಾಲಿಡುತ್ತಿದ್ದರು. ಗೋಡೆಯ ಮೇಲೆ ಬಿಳಿಯ ಹಾಳೆಯಿಟ್ಟು, ಅದರ ಮೇಲೆ ಕಾರ್ಬನ್ ಕಾಗದವನ್ನು ಕವುಚಿ, ಚಮಚದ ಬೆನ್ನಿನಿಂದ ಉಜ್ಜಿದರೆ, ಗೋಡೆಯ ಏರುತಗ್ಗುಗಳೆಲ್ಲ ಹಾಳೆಯ ಮೇಲೆ ಮೂಡುತ್ತಿದ್ದವು. ಆ ಹಾಳೆಗಳನ್ನು ಹಲಗೆಗೆ ಅಂಟಿಸಿ, ಅದರ ಮೇಲೆ ಸುಣ್ಣ, ಮೇಣ, ಚಿಪ್ಪು ಪದರ ಪದರವಾಗಿ ಕೂರಿಸಿ ಅವರು ಮನೆಯನ್ನು ಮತ್ತೆ ಕಟ್ಟುತ್ತಿದ್ದರು. ಇಂದು ಅಂಥ ಇಪ್ಪತ್ತಮೂರು ಮನೆಗಳು ಅವರ ಹಲಗೆಗಳ ಮೇಲಲ್ಲದೆ ಬೇರೆಲ್ಲಿಯೂ ಇಲ್ಲ.

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಇಗರ್ಜಿಯ ಮುಂಗೋಡೆಯ ಹಳೆಯ ಸುಣ್ಣವನ್ನು ತೊಳೆದು ತೆಗೆದು ಹೊಸದಾಗಿ ಬಳಿಯುವುದಕ್ಕೆ ಬಿದಿರಿನ ಅಟ್ಟಣೆ ಕಟ್ಟಿದರು. ಆ ಗೋಡೆ ಸಮುದ್ರದಿಂದ ಕಡಿದು ತಂದ ಹವಳದ ಕಲ್ಲಿನದು. ನಮ್ಮ ಮುತ್ತಜ್ಜಂದಿರು ಹೊತ್ತು ತಂದು ಕಟ್ಟಿದ್ದು. ಅಟ್ಟಣೆ ಇರುವಷ್ಟು ದಿನ ತಾನು ಅದರ ಮೇಲೆ ಹತ್ತಬಹುದೇ ಎಂದು ಹೆನಿಂಗ್ ಅವರು ಕೇಳಿದರು. ಒಬ್ಬರೇ ಹಾಳೆ ಹಿಡಿದು ಉಜ್ಜುವುದು ಆ ಎತ್ತರದ ಗಾಳಿಯಲ್ಲಿ ಆಗದ ಮಾತು. ಮೂಲೆ ಹಿಡಿಯುವುದಕ್ಕೆ ನನ್ನ ಕ್ರಿಸ್ತೇತಾ ಹೋದಳು. ಕಚೇರಿ ಮುಚ್ಚಿದ ಮೇಲೆ ದಿನಕ್ಕೆ ಎರಡು ಗಂಟೆ, ಹೀಗೆ ಏಳು ವಾರ, ಇಬ್ಬರೂ ಬಿದಿರಿನ ಮೇಲೆ ಕುಳಿತು ಒಂದೊಂದು ಕಲ್ಲಿನ ಎಡಗಡೆಯ ಮೇಲ್ಮೂಲೆಯಿಂದ ಅಂಗೈ ಅಗಲದ ಒಂದೊಂದು ಅಚ್ಚು ತೆಗೆದರು. ಒಂದು ಸಂಜೆ ನಾನು ಕೆಳಗಿನಿಂದ ಕೂಗಿದೆ:

"ತೇತಾ, ಅನ್ನ ಯಾರು ಮಾಡ್ತಾರೆ?"

ಮೇಲಿನಿಂದ ಅವಳ ದನಿ ಬಂತು: "ಅಕ್ಕಿ ಡಬ್ಬದಲ್ಲಿದೆ, ನೀರು ಬಾವೀಲಿದೆ, ಕೈ ನಿಮ್ಮ ಹತ್ರಾನೇ ಇದೆ!"

ಗೋಡೆ ತೊಳೆಯುವವರು ಬಿದ್ದು ಬಿದ್ದು ನಕ್ಕರು. ಹೆನಿಂಗ್ ಅವರು ಬಗ್ಗಿ ನೋಡಿ, "ನೊಯ್ ಪಿದ್ಯೊ, ಇನ್ನು ಇಪ್ಪತ್ತು ಕಲ್ಲು. ಅಲ್ಲೀವರೆಗೆ ಉಪವಾಸ ಇದ್ರೆ ಪುಣ್ಯ ಬರತ್ತೆ," ಎಂದರು. ಹಿರಿಯ ಗಂಡಸರನ್ನು ನಮ್ಮಲ್ಲಿ 'ನೊಯ್', ಹಿರಿಯ ಹೆಂಗಸರನ್ನು 'ನಾಂಗ್' ಎನ್ನುವುದು ರೂಢಿ. ಆ ಗೌರವದಲ್ಲಿ ಸ್ವಲ್ಪ ಕೀಟಲೆಯನ್ನೂ ಬೆರೆಸಿ ಕರೆಯುವುದು ಅವರೊಬ್ಬರಿಗೇ ಬರುತ್ತಿತ್ತು. ನಾನು ಮನೆಗೆ ಹೋಗಿ ಅನ್ನ ಮಾಡಿದೆ. ಅದು ತಳಹಿಡಿದಿತ್ತು. ಇಬ್ಬರೂ ತಿಂದರು, ಇಬ್ಬರೂ ಆ ಬಗ್ಗೆ ವರ್ಷಗಟ್ಟಲೆ ಆಡಿಕೊಂಡರು.

ನಾನೂರ ಹನ್ನೆರಡು ಕಲ್ಲು, ನಾನೂರ ಹನ್ನೆರಡು ಹಾಳೆ. ಗೋಡೆಯಲ್ಲಿ ಕಲ್ಲುಗಳಿದ್ದ ಕ್ರಮದಲ್ಲಿಯೇ ಅವನ್ನು ಮೂರು ದೊಡ್ಡ ಹಲಗೆಗಳ ಮೇಲೆ ಅಂಟಿಸಿ, ಅದರ ಮೇಲೆ ಏಳು ವರ್ಷ ಕೆಲಸ ಮಾಡಿ, ಹೆನಿಂಗ್ ಅವರು 'ನಾವೊಂಗ್' ಎಂಬ ಕೃತಿಯನ್ನು ಮುಗಿಸಿದರು. ಆ ಮಾತಿಗೆ ನಮ್ಮಲ್ಲಿ ಮುಖ ಎಂದರ್ಥ. ಸುಣ್ಣವೂ ಮೇಣವೂ ಚಿಪ್ಪೂ ಸೇರಿ ಬೆಳಗಿನ ಬಿಸಿಲು ಬಿದ್ದ ಇಗರ್ಜಿಯೇ ಎದುರು ನಿಂತಂತೆ ಕಾಣುತ್ತಿತ್ತು. ಅಡಿಯಲ್ಲಿದ್ದ ಹಾಳೆಗಳ ಒಂದು ಗೆರೆಯೂ ಮೇಲೆ ಕಾಣುತ್ತಿರಲಿಲ್ಲ. ಅವು ಅಲ್ಲಿವೆಯೆಂಬುದು ಅವರಿಬ್ಬರಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ನನಗೂ ಇರಲಿಲ್ಲ. ಪಾದ್ರಿಗಳ ನಿವಾಸದ ಮೊಗಸಾಲೆಯಲ್ಲಿ ಹತ್ತು ವರ್ಷ ಅದು ತೂಗಿತು. ಭೂಕಂಪದಲ್ಲಿ ಇಗರ್ಜಿ ಬಿತ್ತು, ನಿವಾಸ ಉಳಿಯಿತು, 'ನಾವೊಂಗ್' ಉಳಿಯಿತು.

ಈಗ ನಮ್ಮ ಊರಿನ ಒಂದು ತಪ್ಪಿನ ಬಗ್ಗೆ ಹೇಳಬೇಕು. ಬೇರೆ ಯಾವ ಊರಿನವರೂ ಈ ತಪ್ಪು ಮಾಡಲಾರರು. ಹಬ್ಬಕ್ಕೆ ಕುರ್ಚಿ, ಬೆಂಚು, ಬಾಣಲೆ ಎಲ್ಲವನ್ನೂ ಒಬ್ಬರಿಗೊಬ್ಬರು ಕೊಡುವ ಬೊಹೋಲಿನವರು ಪ್ರತಿಯೊಂದು ವಸ್ತುವಿನ ಮೇಲೂ ತಮ್ಮ ಹೆಸರಿನ ಮೊದಲಕ್ಷರ ಬರೆದಿಡುತ್ತಾರೆ. ಇದಕ್ಕಾಗಿ ಇಡೀ ದೇಶ ನಮ್ಮನ್ನು ನೋಡಿ ನಗುತ್ತದೆ. ಬಿದ್ದ ಕಲ್ಲುಗಳು ಮಳೆಯಲ್ಲಿ ನೆನೆಯಬಾರದು, ಲಾರಿಯವರ ಪಾಲಾಗಬಾರದು ಎಂದು ಊರಿನವರು ಆ ವಾರವೇ ಒಂದೊಂದನ್ನು ಮನೆಗೆ ಹೊತ್ತುಕೊಂಡು ಹೋದರು. ಮನೆಗೆ ಹೋದ ಮೇಲೆ, ಅಭ್ಯಾಸಬಲದಿಂದ, ಎಲ್ಲರೂ ಕಲ್ಲಿನ ಹಿಂಬದಿಯ ನಯವಾದ ಮುಖದ ಮೇಲೆ ಬಣ್ಣದಿಂದ ತಮ್ಮ ತಮ್ಮ ಹೆಸರಿನ ಅಕ್ಷರ ಬರೆದರು. ಎಲ್ಲಿ ಬಿದ್ದಿತ್ತು, ಯಾವ ಕಲ್ಲಿನ ಪಕ್ಕ ಇತ್ತು ಎಂಬುದನ್ನು ಯಾರೂ ಗುರುತು ಮಾಡಲಿಲ್ಲ.

ನಾನೂ ಒಂದು ಕಲ್ಲು ಒಯ್ದೆ. ಕಮಾನಿನ ಕೆಳಗೆ ಕ್ರಿಸ್ತೇತಾಳ ಮೇಲಿದ್ದ ಕಲ್ಲು ಅದು. ಮನೆಗೆ ಒಯ್ಯಲಿಲ್ಲ, ಅವಳ ಗೋರಿಯ ತಲೆದೆಸೆಗೆ ನೆಟ್ಟು, ಅದರ ಮೇಲೆ ಅವಳ ಹೆಸರಿನ ಎರಡು ಅಕ್ಷರ ಬರೆದೆ.

ಎರಡು ವರ್ಷದ ನಂತರ ಗೋಡೆಯನ್ನು ಮತ್ತೆ ಕಟ್ಟುವುದಕ್ಕೆ ಮನಿಲಾದಿಂದ ಆರ್ಕಿಟೆಕ್ಟ್ ರೊವೆನಾ ತ್ಯೊಂಗ್ಸನ್ ಅವರು ಬಂದರು. ಪಾದ್ರೆ ಗ್ಲಿಸೇರಿಯೊ ಅವರು ಬಲಿಪೂಜೆಯ ಕೊನೆಯಲ್ಲಿ ಕೇಳಿಕೊಂಡದ್ದೇ ತಡ, ಕೈಗಾಡಿಗಳಲ್ಲಿ, ಮೂರುಗಾಲಿಯ ಬಂಡಿಗಳಲ್ಲಿ ಕಲ್ಲುಗಳು ವಾಪಸು ಬಂದವು. ಅಂಗಳದಲ್ಲಿ ಸಾಲಾಗಿ ಇಟ್ಟ ಕಲ್ಲುಗಳನ್ನು ನೋಡಿ ಆರ್ಕಿಟೆಕ್ಟ್ ದಂಗಾದರು. ಮೀನು ಮಾರುವ ನಾಂಗ್ ಬಿಕ್ಯಾ ಗಲೆಂಡೆಸ್ ತಮ್ಮ ಕಲ್ಲಿನ ಮೇಲೆಯೇ ಕುಳಿತಿದ್ದರು.

"ಇಲ್ಲಿ ಬಿ.ಜಿ. ಅಂತ ಇದೆಯಲ್ಲ, ಯಾರದು?"

"ನಾನೇ. ಯಾಕೆ, ಕಲ್ಲು ಏನಾದ್ರೂ ಅಂದಿತಾ ನಿಮಗೆ?"

"ಇಲ್ಲಮ್ಮ. ಇದು ಗೋಡೇಲಿ ಎಲ್ಲಿತ್ತು ಅಂತ ಗೊತ್ತಾಗ್ಬೇಕು."

"ಮೇಲಿತ್ತು."

"ಮೇಲೆ ಅಂದ್ರೆ ಎಲ್ಲಿ?"

"ಬಿದ್ದಿದೆ ಅಂದ್ಮೇಲೆ ಮೇಲಿಂದ್ಲೇ ತಾನೇ ಬೀಳ್ಬೇಕು? ಕೆಳಗಿಂದ ಬೀಳತ್ತಾ?"

"ಹೆಸರು ಬರೆಯೋ ಬದಲು ಜಾಗ ಬರೆದಿದ್ರೆ…"

"ನೋಡಿ ತಾಯಿ, ಹೆಸ್ರು ಬರೀದೆ ಕೊಟ್ಟಿದ್ದು ಈ ಊರಲ್ಲಿ ಯಾವತ್ತಾದ್ರೂ ವಾಪಸ್ ಬಂದಿದ್ಯಾ? ನನ್ನ ದೊಡ್ಡ ಬಾಣಲೆ ಮೂರು ಹಬ್ಬದ ಹಿಂದೆ ಹೋಗಿದ್ದು, ಇವತ್ತಿಗೂ ಪತ್ತೆ ಇಲ್ಲ. ಈ ಕಲ್ಲು ನೋಡಿ, ಬಂತು!"

ಆರ್ಕಿಟೆಕ್ಟ್ ನಕ್ಕರು, ಆದರೆ ಆರು ತಿಂಗಳ ಕೊನೆಗೆ ಅವರ ಮುಖದಲ್ಲಿ ನಗು ಉಳಿಯಲಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದ ಮೊದಲ ವಾರ ಕರೆದ ಸಭೆಯಲ್ಲಿ ಅವರು ಕೈಚೆಲ್ಲಿದರು. ಹಳೆಯ ಛಾಯಾಚಿತ್ರಗಳಲ್ಲಿ ಗೋಡೆ ಕಾಣುತ್ತದೆ, ಕಲ್ಲು ಕಾಣುವುದಿಲ್ಲ; ಸುಣ್ಣ ಎಲ್ಲವನ್ನೂ ಮುಚ್ಚಿದೆ. ಕ್ರಮ ತಿಳಿಯದೆ ಕಟ್ಟಿದರೆ ಕಲ್ಲಿಗೆ ಕಲ್ಲು ಕೂರುವುದಿಲ್ಲ. ಆದ್ದರಿಂದ ಪುನರುತ್ಥಾನದ ಹಬ್ಬದೊಳಗೆ ದಾರಿ ಕಾಣದಿದ್ದರೆ ಸಿಮೆಂಟಿನ ಮುಂಗೋಡೆ ಎಬ್ಬಿಸಿ, ಹಳೆಯ ಕಲ್ಲುಗಳನ್ನು ಅಂಗಳದ ಅಡಿಪಾಯಕ್ಕೆ ತುಂಬುವುದೊಂದೇ ಉಳಿದ ಉಪಾಯ ಎಂದರು.

ಮೂಲೆಯ ಮೇಜಿನಲ್ಲಿ ಸಭೆಯ ನಡವಳಿ ಬರೆಯುತ್ತಿದ್ದ ಹೆನಿಂಗ್ ಅವರು ಪೆನ್ನು ಕೆಳಗಿಟ್ಟರು.

"ನಡವಳಿ ಬರೆಯೋಳು ಮಾತಾಡಬಹುದಾ, ಪಾದ್ರೆ?"

"ಹೇಳಮ್ಮ."

"ಕಲ್ಲುಗಳ ಜಾಗ ಇದೆ. ನಾನೂರ ಹನ್ನೆರಡರದ್ದೂ."

"ಎಲ್ಲಿ?" ಎಂದು ಆರ್ಕಿಟೆಕ್ಟ್ ಎದ್ದೇ ನಿಂತರು.

ಹೆನಿಂಗ್ ಅವರು ಮೊಗಸಾಲೆಯ ಕಡೆಗೆ ಕೈ ತೋರಿಸಿದರು. ಅಲ್ಲಿ 'ನಾವೊಂಗ್' ಮರದ ಪೆಟ್ಟಿಗೆಯೊಳಗೆ ಒಣಹುಲ್ಲಿನ ನಡುವೆ ಕುಳಿತಿತ್ತು. ಮನಿಲಾದ ಒಂದು ದೊಡ್ಡ ಕಲಾಸಂಗ್ರಹಾಲಯ ಅದನ್ನು ಆರಿಸಿಕೊಂಡಿತ್ತು; ಒಂಬತ್ತು ದಿನಗಳಲ್ಲಿ ಹಡಗಿಗೆ ಏರಬೇಕಾಗಿತ್ತು. ಯಾವ ಕಲಾಶಾಲೆಯಲ್ಲೂ ಕಲಿಯದ ನಮ್ಮ ಕಡೆಯ ಹೆಣ್ಣುಮಗಳೊಬ್ಬಳ ಕೃತಿ ಅಲ್ಲಿಗೆ ಹೋಗುವುದು ಅದೇ ಮೊದಲಾಗಿತ್ತು. ಹಾಳೆಗಳು ಹೊರಗೆ ಬರಬೇಕಾದರೆ ಮೇಲಿನ ಪದರಗಳನ್ನೆಲ್ಲ ಕೆರೆದು ಹಾಕಬೇಕು. ಅಡಿಯಲ್ಲಿ ಹಾಳೆಗಳಿವೆಯೆಂದು ಅವರು ಬಾಯಿಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ. ಹೇಳದೆ ಸುಮ್ಮನಿದ್ದರೆ ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿದಿದ್ದ ಇನ್ನೊಬ್ಬಳು ಮಣ್ಣಿನಲ್ಲಿದ್ದಳು.

ನಾನೇ ತಡೆದೆ. "ಬೇಡ ಹೆನಿಂಗ್. ಏಳು ವರ್ಷದ ಕೆಲಸ. ತೇತಾಳ ಕೈನೂ ಇದೆ ಅದರಲ್ಲಿ. ಅದೊಂದಾದ್ರೂ ಉಳೀಲಿ."

"ನೊಯ್, ಗೋಡೆಗೆ ಮುಖ ಇದ್ದಾಗ ಮುಖದ ಚಿತ್ರ ಮಾಡ್ದೆ. ಈಗ ಮುಖಾನೇ ಇಲ್ಲ. ಸಾವಿನ ಮನೇಲಿ ಕನ್ನಡಿಗೆ ಬಟ್ಟೆ ಮುಚ್ಚಿಡ್ತೀವಲ್ಲ, ಹಾಗೆ ಇದಕ್ಕೂ ಮುಚ್ಚಿಡ್ಲಾ ಹೇಳಿ?"

ಆರ್ಕಿಟೆಕ್ಟ್ ಅನುಮಾನದಿಂದ, "ನೀರು ತಾಗಿದ್ರೆ ಕಾರ್ಬನ್ ಹೋಗಲ್ವಾ?" ಎಂದರು.

"ಕಾರ್ಬನ್ ನೀರಿಗೆ ಹೋಗತ್ತಾ? ಮೂವತ್ತಮೂರು ವರ್ಷದಿಂದ ಈ ರವಿಕೆ ತೋಳು ಒಗೀತಿದೀನಿ, ನೋಡಿ!" ಎಂದು ಹೆನಿಂಗ್ ಅವರು ತೋಳು ಮುಂದೆ ಚಾಚಿದಾಗ ಸಭೆಯೇ ನಕ್ಕುಬಿಟ್ಟಿತು. ಅಷ್ಟು ದಿನದ ಮೇಲೆ ಊರು ಒಟ್ಟಾಗಿ ನಕ್ಕದ್ದು ಅಂದೇ.

ಮರುದಿನ ಬಲಿಪೂಜೆಯ ನಂತರ ಅಂಗಳದಲ್ಲಿ ಹಬ್ಬದ ಹಂಡೆಗಳನ್ನಿಟ್ಟು ನೀರು ಕಾಯಿಸಿದರು. ಮೊದಲ ಚಿಪ್ಪನ್ನು ಅವರೇ ಎತ್ತಿದರು, ಮೊದಲ ಸುಣ್ಣವನ್ನು ಅವರೇ ಕೆರೆದರು. ಸಂಗ್ರಹಾಲಯಕ್ಕೆ ಹೋಗಬೇಕಾಗಿದ್ದ ಚಿಪ್ಪಿನ ಆಕಾಶ ಒಂದು ತಗಡಿನ ಬುಟ್ಟಿಗೆ ಬಿತ್ತು. ಹೆಂಗಸರು ಬಿಸಿ ಬಟ್ಟೆಯಿಂದ ಅನ್ನದ ಅಂಟನ್ನು ಮೆತ್ತಗೆ ಮಾಡಿದರು; ಹೆನಿಂಗ್ ಅವರು ಒಂದೊಂದು ಹಾಳೆಗೂ ಅದು ಇದ್ದ ಜಾಗದ ಸಂಖ್ಯೆ ಬರೆದು ಬಿಡಿಸಿದರು. ಐದು ದಿನಗಳಲ್ಲಿ ನಾನೂರ ಹನ್ನೆರಡು ಹಾಳೆಗಳೂ ಬಟ್ಟೆ ಒಣಗಿಸುವ ಹಗ್ಗಗಳ ಮೇಲೆ ನೇತಾಡಿದವು. ಅಷ್ಟೂ ದಿನ ಅವರ ಕಣ್ಣಿನಲ್ಲಿ ನೀರು ನೋಡಿದವರಿಲ್ಲ. ಎಲ್ಲ ಮುಗಿದು ಬರಿಯ ಹಲಗೆ ಉಳಿದಾಗ ಅವರು ಬಾಳೆಯೆಲೆಯಲ್ಲಿ ಸುತ್ತಿದ ಸಿಹಿಯನ್ನ ಎರಡು ತಿಂದು, "ಹಸಿವಾಗಿತ್ತು," ಎಂದರು.

ಹವಳದ ಕಲ್ಲಿನಲ್ಲಿ ಸಮುದ್ರದ ಹೂಗಳ ಗುರುತಿರುತ್ತದೆ; ಮನುಷ್ಯರ ಬೆರಳಿನ ಹಾಗೆ ಒಂದರ ಗುರುತು ಇನ್ನೊಂದಕ್ಕಿಲ್ಲ. ಮುಂದಿನ ಹನ್ನೊಂದು ತಿಂಗಳು ಹಾಳೆ ಹಿಡಿದುಕೊಂಡು ಕಲ್ಲಿನಿಂದ ಕಲ್ಲಿಗೆ ಓಡಾಡುವುದೇ ಊರಿನ ಕೆಲಸವಾಯಿತು. ಒಂದೊಂದು ಕಲ್ಲಿನ ಜೋಡಿ ಸಿಕ್ಕಿದಾಗಲೂ ಗಂಟೆ ಹೊಡೆಯುತ್ತಿದ್ದರು. ನಾಂಗ್ ಬಿಕ್ಯಾರ ಕಲ್ಲು ಕಟ್ಟಕಡೆಯ ಸಾಲಿನದೆಂದು, ನೆಲದಿಂದ ಒಂದು ಗೇಣು ಮೇಲಿತ್ತೆಂದು ತಿಳಿದಾಗ ಊರೆಲ್ಲ ಅವರನ್ನು ರೇಗಿಸಿತು. "ಕೆಳಗಿಂದ್ಲೂ ಬೀಳತ್ತೆ ಅಂತ ಇವತ್ತು ಗೊತ್ತಾಯ್ತು," ಎಂದು ಅವರು ಒಪ್ಪಿಕೊಂಡರು.

ನಾನು ಕಲ್ಲು ಹೊರುವ ಕೆಲಸಕ್ಕೆ ನಿಂತಿದ್ದೆ. ಹಾಳೆಗಳ ಹತ್ತಿರ ಹೋಗಲಿಲ್ಲ, ಹೋಗುವುದಕ್ಕೆ ಮನಸ್ಸಾಗಲಿಲ್ಲ.

ಕೊನೆಗೆ ನಾನೂರ ಹನ್ನೊಂದು ಕಲ್ಲುಗಳು ಕೂಡಿದವು. ಎಂಬತ್ತೇಳನೆಯದು ಇರಲಿಲ್ಲ. ಕಮಾನಿನ ಮೇಲಿನ ಕಲ್ಲು ಅದು. ಆರ್ಕಿಟೆಕ್ಟ್ ಸಭೆಯಲ್ಲಿ, "ಒಂದೇ ತಾನೇ, ಸಿಮೆಂಟಲ್ಲಿ ಎರಕ ಹೊಯ್ದು ಕೂರಿಸೋಣ," ಎಂದರು. ಅದು ಎಲ್ಲಿದೆಯೆಂದು ಊರಿಗೆಲ್ಲ ಗೊತ್ತಿತ್ತು. ಪ್ರತಿ ನವೆಂಬರ್‌ನಲ್ಲಿ ಮೃತರ ಹಬ್ಬಕ್ಕೆ ಮೇಣದಬತ್ತಿ ಹಚ್ಚುವಾಗ ಕ್ರಿಸ್ತೇತಾಳ ಗೋರಿಯ ಆ ಕಲ್ಲನ್ನು ನೋಡದವರಿರಲಿಲ್ಲ. ಆದರೂ ಒಬ್ಬರೂ ಬಾಯಿ ತೆರೆಯಲಿಲ್ಲ; ಎಂದೂ ಸುಮ್ಮನಿರದ ನಾಂಗ್ ಬಿಕ್ಯಾ ಕೂಡ ತಮ್ಮ ಕಾಲ ಹೆಬ್ಬೆರಳನ್ನು ನೋಡುತ್ತ ಕುಳಿತರು. ಗೋಡೆಗೆ ನಾನೂರ ಹನ್ನೊಂದು ಇವೆ, ನನಗಿರುವುದು ಒಂದು ಎಂದು ಮನಸ್ಸನ್ನು ಕಲ್ಲು ಮಾಡಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಹೆನಿಂಗ್ ಅವರು ಮನೆಗೆ ಬಂದರು. ಜ್ಞಾನಸ್ನಾನದ ಪ್ರಮಾಣಪತ್ರ ಇಡುವ ಕಂದು ಲಕೋಟೆ ಅವರ ಕೈಯಲ್ಲಿತ್ತು. ನಾನು ಬಿಸಿ ಚಾಕೊಲೇಟ್ ಕಡೆದು ಕೊಟ್ಟೆ. ಅವರು ಲಕೋಟೆಯನ್ನು ಮೇಜಿನ ಮೇಲಿಟ್ಟರು.

"ಇದು ಎಂಬತ್ತೇಳು, ನೊಯ್. ನಿಮಗೆ."

"ನಂಗ್ಯಾಕೆ ಇದು?"

"ಕನ್ನಡಕ ಹಾಕ್ಕೊಳ್ಳಿ. ಮೂಲೆ ನೋಡಿ."

ಹಾಳೆಯ ನಡುವೆ ಹವಳದ ಹೂಗಳಿದ್ದವು. ಕೆಳಮೂಲೆಯಲ್ಲಿ ಒಂದು ಹೆಬ್ಬೆರಳಿನ ಗುರುತು ಇತ್ತು, ಕಾರ್ಬನ್ನಿನ ಕಪ್ಪಿನಲ್ಲಿ, ಗೆರೆಗೆರೆಯೂ ತೋರುವಂತೆ. ಅದರ ನಡುವೆ ಓರೆಯಾಗಿ ಒಂದು ಬಿಳಿಯ ಗೀರು. ಮದುವೆಯಾದ ಹೊಸತರಲ್ಲಿ ಕ್ರಿಸ್ತೇತಾ ಸಿಂಪಿ ಬಿಡಿಸುವಾಗ ಬೆರಳು ಕೊಯ್ದುಕೊಂಡಿದ್ದಳು. ಆ ಗಾಯಕ್ಕೆ ಬಟ್ಟೆ ಕಟ್ಟಿದವನು ನಾನು.

"ಎಲ್ಲಾದರಲ್ಲೂ ಇದೆ," ಎಂದರು ಹೆನಿಂಗ್. "ನಾನೂರ ಹನ್ನೆರಡರಲ್ಲೂ. ಕೈ ಒರೆಸ್ಕೊಳ್ಳೇ ಅಂತ ಎಷ್ಟು ಸಲ ಬೈದಿದ್ದೆ. ಕೇಳ್ಲೇ ಇಲ್ಲ ನಿಮ್ಮ ಹೆಂಡ್ತಿ."

ಕಲ್ಲಿನ ಬಗ್ಗೆ ಅವರು ಒಂದು ಮಾತನ್ನೂ ಆಡಲಿಲ್ಲ. ಏನನ್ನೂ ಕೇಳಲಿಲ್ಲ. ಬಟ್ಟಲು ಖಾಲಿ ಮಾಡಿ, ಕಚೇರಿಗೆ ಹೊತ್ತಾಯಿತೆಂದು ಎದ್ದು ಹೋದರು. ಏಳು ವರ್ಷದ ತಮ್ಮ ಕೆಲಸವನ್ನು ಊರಿಗಾಗಿ ಬಿಸಿನೀರಿಗೆ ಹಾಕಿದವರಿಗೆ ನನ್ನಿಂದ ಒಂದು ಕಲ್ಲು ಕೇಳುವ ಹಕ್ಕಿತ್ತು. ಅವರು ಕೇಳುವುದಕ್ಕೆ ಬರಲಿಲ್ಲ, ಕೊಡುವುದಕ್ಕೆ ಬಂದರು. ಅರವತ್ತೈದು ವರ್ಷ ಜಪಸರ ಎಣಿಸಿದ ಕೈ ನನ್ನದು. ಆ ಬೆಳಿಗ್ಗೆ ನಾನು ಕಲಿತದ್ದನ್ನು ಅಷ್ಟು ವರ್ಷದಲ್ಲಿ ಕಲಿತಿರಲಿಲ್ಲ.

ಮಧ್ಯಾಹ್ನ ಹಾರೆ ತೆಗೆದುಕೊಂಡು ಸ್ಮಶಾನಕ್ಕೆ ಹೋದೆ. ಯಾರಿಗೂ ಹೇಳಿರಲಿಲ್ಲ. ಆದರೂ ಕೈಗಾಡಿಯೊಂದು ಗೇಟಿನ ಹತ್ತಿರ ನಿಂತಿತ್ತು. ಅದರ ಹಿಡಿಯ ಮೇಲೆ ದೊಡ್ಡದಾಗಿ 'ಬಿ.ಜಿ.' ಎಂದು ಬರೆದಿತ್ತು. ಕಲ್ಲನ್ನು ಅಂಗಳಕ್ಕೆ ತಂದಾಗ ಗಂಟೆ ಹೊಡೆದವರು ಯಾರೆಂದು ನಾನು ತಲೆಯೆತ್ತಿ ನೋಡಲಿಲ್ಲ. ಬಹಳ ಹೊತ್ತು ಹೊಡೆದರು.

ಕಟ್ಟುವ ಮುಂಚೆ ಕಲ್ಲುಗಳ ಹಿಂಬದಿಯ ಬಣ್ಣದ ಅಕ್ಷರಗಳನ್ನು ತೊಳೆಯಬೇಕೆಂದು ಆರ್ಕಿಟೆಕ್ಟ್ ಹೇಳಿದಾಗಲೂ ಹೆನಿಂಗ್ ಅವರೇ ಮಾತಾಡಿದರು: "ತೊಳೀಬೇಡಿ. ಹೇಗೂ ಒಳಮುಖ ಅದು. ಹೆಸರು ಹೊರಗಿದ್ರೆ ಪಕ್ಕದ ಮನೆಯವರಿಗೆ ಕಾಣತ್ತೆ, ಒಳಗಿದ್ರೆ ದೇವರಿಗೆ ಕಾಣತ್ತೆ." ಹಾಗೆಯೇ ಆಯಿತು. ಎರಡು ಸಾವಿರದ ಹತ್ತೊಂಬತ್ತರ ಆಗಸ್ಟ್‌ನಲ್ಲಿ, ಸಂತ ರೋಕೆಯವರ ಹಬ್ಬದ ಬೆಳಿಗ್ಗೆ, ಅಟ್ಟಣೆ ಬಿಚ್ಚಿದರು. ನಾನೂರ ಹನ್ನೆರಡು ಕಲ್ಲುಗಳು ತಮ್ಮ ತಮ್ಮ ಜಾಗದಲ್ಲಿ, ಊರಿನ ಪ್ರತಿ ಮನೆಯ ಹೆಸರನ್ನು ಎದೆಯೊಳಗೆ ಇಟ್ಟುಕೊಂಡು, ಬಿಸಿಲಿಗೆ ಮುಖ ಕೊಟ್ಟು ನಿಂತವು. ಬ್ಯಾಂಡಿನವರು ಬಾರಿಸುವುದನ್ನು ಮರೆತರು. ಮುದುಕರು ಟೋಪಿ ತೆಗೆದರು. ಮುಂಬಾಗಿಲು ತೆರೆದಾಗ ಮೊದಲು ಒಳಗೆ ಹೋಗಬೇಕಾದವರು ಬಿಷಪ್ಪರು. ಅವರು ಪಕ್ಕಕ್ಕೆ ಸರಿದು ಕಚೇರಿಯ ಟೈಪಿಸ್ಟ್‌ಗೆ ದಾರಿ ಬಿಟ್ಟರು.

ಆ ಹಬ್ಬಕ್ಕೆ ಮನಿಲಾದ ಸಂಗ್ರಹಾಲಯದವರೂ ಬಂದಿದ್ದರು. ಹಾಳೆಗಳನ್ನು ಬರಿಯ ಹಲಗೆಗಳ ಮೇಲೆ ಮತ್ತೆ ಅದೇ ಕ್ರಮದಲ್ಲಿ ಅಂಟಿಸಿ ಕೊಡಿರೆಂದು ಕೇಳಿಕೊಂಡರು. ಸುಣ್ಣವಿಲ್ಲ, ಮೇಣವಿಲ್ಲ, ಚಿಪ್ಪಿಲ್ಲ; ಅಂಟಿನ ಕಲೆ, ಕಾರ್ಬನ್ನಿನ ಹೂಗಳು, ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಹೆಬ್ಬೆರಳು. ಇಂದು 'ನಾವೊಂಗ್' ಅಲ್ಲಿ ಹಾಗೆಯೇ ತೂಗುತ್ತಿದೆ, ಎಂಬತ್ತೇಳನೆಯ ಜಾಗ ಖಾಲಿಯಾಗಿ. ಅದರದೊಂದು ನಕಲು ಮಾಡಿ ತುಂಬಿಸಿರೆಂದು ಎಷ್ಟು ಕೇಳಿದರೂ ಹೆನಿಂಗ್ ಅವರು ಒಪ್ಪಲಿಲ್ಲ. ಕೆಳಗೆ ಒಂದು ಸಣ್ಣ ಚೀಟಿಯಲ್ಲಿ, 'ಇದು ಮನೆಯಲ್ಲಿದೆ' ಎಂದು ಟೈಪ್ ಮಾಡಿ ಅಂಟಿಸಿದ್ದಾರೆ. ಗೋಡೆಯಲ್ಲಿ ಈಗ ಕೊರತೆಯಿಲ್ಲ. ಚಿತ್ರದಲ್ಲಿ ಒಂದು ಕೊರತೆಯಿದೆ. ಆ ಕೊರತೆಯನ್ನು ಅವರು ತಮ್ಮ ಇಚ್ಛೆಯಿಂದ ಹೊತ್ತುಕೊಂಡಿದ್ದಾರೆ.

ಈಗ ಕಚೇರಿಗೆ ಕಂಪ್ಯೂಟರ್ ಬಂದಿದೆ. ಕಾರ್ಬನ್ ಕಾಗದ ಯಾರಿಗೂ ಬೇಡ. ಅದರಿಂದಾಗಿ ನಾಲ್ಕು ಊರುಗಳ ಜನ ಹಳೆಯ ಕಾರ್ಬನ್ನಿನ ಕಟ್ಟುಗಳನ್ನು ತಂದು ಹೆನಿಂಗ್ ಅವರ ಬಾಗಿಲಿಗೆ ಇಟ್ಟು ಹೋಗುತ್ತಾರೆ, ಪ್ರತಿ ಕಟ್ಟಿನ ಮೇಲೂ ತಮ್ಮ ಹೆಸರು ಬರೆದು. ನಿವೃತ್ತಿಯ ಮರುದಿನವೇ ಅವರು ನದಿದಂಡೆಯಲ್ಲಿ ಉಳಿದಿರುವ ಹನ್ನೊಂದು ಮನೆಗಳ ಕೆಲಸ ಹಿಡಿದಿದ್ದಾರೆ. ಆ ಮನೆಗಳನ್ನು ಕೆಡವುವ ಮಾತು ಈಗ ಊರಿನಲ್ಲಿ ಯಾರೂ ಆಡುವುದಿಲ್ಲ. ಹಾಳೆಯ ಮೂಲೆ ಹಿಡಿಯುವುದಕ್ಕೆ ನನ್ನನ್ನು ಕರೆದಿದ್ದಾರೆ. ಕೈ ನಡುಗುತ್ತದೆ ಎಂದೆ. "ನಡುಗಲಿ ನೊಯ್, ಗೋಡೆ ನಡುಗದಿದ್ರೆ ಸಾಕು," ಎಂದರು. ಹೋಗುತ್ತಿದ್ದೇನೆ. ದೇವರು ಅವರಿಗೆ ಇನ್ನೂ ಅನೇಕ ವರ್ಷಗಳ ಬೆಳಕನ್ನು, ನೋವಿಲ್ಲದ ಮೊಣಕಾಲುಗಳನ್ನು, ಮುಗಿಯದಷ್ಟು ಗೋಡೆಗಳನ್ನು ಕೊಡಲಿ. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಆ ಗೋಡೆಯ ಮುಂದೆ ನಿಂತು ಅವರ ಹೆಸರು ಹೇಳಲಿ.

ನಾನು ಪ್ರತಿದಿನ ಬೆಳಿಗ್ಗೆ ಆ ಕಮಾನಿನ ಕೆಳಗೆ ಹಾದು ಒಳಗೆ ಹೋಗುತ್ತೇನೆ. ಎಂಬತ್ತೇಳನೆಯ ಕಲ್ಲು ತಲೆಯ ಮೇಲಿರುತ್ತದೆ, ಅದರ ಅಕ್ಷರಗಳು ಒಳಗಿರುತ್ತವೆ. ಅಲ್ಲಿ ಒಂದು ಗಳಿಗೆ ನಿಂತು ಹೇಳುವ ಮಾತನ್ನೇ ಇಲ್ಲಿಯೂ ಹೇಳಿ ಮುಗಿಸುತ್ತೇನೆ.

ಕರ್ತನೇ, ನಿನ್ನ ಮನೆಯ ಬಟ್ಟೆ ಬದಲಿಸಿ ಹೊರಟಿದ್ದ ಕ್ರಿಸ್ತೇತಾಳನ್ನು ನಿನ್ನ ಬಳಿ ಕೂರಿಸಿಕೋ. ಗಾಳಿಯಲ್ಲಿ ನಾನೂರ ಹನ್ನೆರಡು ಸಲ ಮೂಲೆ ಹಿಡಿದು ನಿಂತ ಆ ಕೈಗೆ ಇನ್ನು ವಿಶ್ರಾಂತಿ ಕೊಡು. ಅದರ ಮೇಲಿನ ಕಪ್ಪನ್ನು ಮಾತ್ರ ಒರೆಸಬೇಡ. ನಾನು ಬಂದಾಗ ಗುರುತು ಹಿಡಿಯಬೇಕು. ಆಮೆನ್.